ಮೂಡ್ ಬಂದ್ಮೇಲೆ ವಾಕಿಂಗ್ ಅಂತ ಕಾಯಬೇಡಿ

ಇವತ್ತಿನ ಮಾತು ವ್ಯಾಯಾಮ ಮತ್ತು ಮನಸ್ಸಿನ ಬಗ್ಗೆ. ತೂಕ, ಹೊಟ್ಟೆ, ಶುಗರ್ ಇವನ್ನೆಲ್ಲ ಪಕ್ಕಕ್ಕಿಡೋಣ.

ಹಿಂಜೆವಾಡಿಯಲ್ಲೋ ಗಚ್ಚಿಬೌಲಿಯಲ್ಲೋ ಒಂದು ಬಾಡಿಗೆ ಫ್ಲಾಟ್. ಬೆಳಗ್ಗೆಯಿಂದ ಲ್ಯಾಪ್‌ಟಾಪ್, ರಾತ್ರಿ ಕ್ಲೈಂಟ್ ಕಾಲ್. ದಿನಕ್ಕೆ ಕನ್ನಡ ಮಾತಾಡೋದು ಅಮ್ಮನ ಜೊತೆ ಐದು ನಿಮಿಷ, ಅದೂ "ಊಟ ಆಯ್ತಾ" ಅನ್ನೋದರಲ್ಲೇ ಮುಗಿಯುತ್ತೆ. ಮನಸ್ಸು ಯಾಕೋ ಕುಗ್ಗಿದೆ ಅಂತ ಯಾರಿಗಾದ್ರೂ ಹೇಳಿದ್ರೆ, "ಜಿಮ್ ಸೇರ್ಕೊ ಮಾರಾಯ, ಎಂಡಾರ್ಫಿನ್ ಬರುತ್ತೆ" ಅಂತಾರೆ.

ಈ ಎಂಡಾರ್ಫಿನ್ ಕಥೆ ಪೂರ್ತಿ ಸರಿ ಇಲ್ಲ. ರಕ್ತದಲ್ಲಿ ಹೆಚ್ಚಾದ ಎಂಡಾರ್ಫಿನ್ ಮಿದುಳಿನ ಒಳಗೆ ಸುಲಭವಾಗಿ ದಾಟಲ್ಲ. 2021ರಲ್ಲಿ ಜರ್ಮನಿಯಲ್ಲಿ ಓಟಗಾರರಿಗೆ ಎಂಡಾರ್ಫಿನ್ ಕೆಲಸವನ್ನೇ ತಡೆಯೋ ಔಷಧ ಕೊಟ್ಟು ಓಡಿಸಿದರು. ಆಗಲೂ ಓಡಿದ ಮೇಲಿನ ಆ ಹಿತ ಬಂತು. ಈಗ ಅನುಮಾನ ಇರೋದು ದೇಹವೇ ತಯಾರಿಸೋ, ಗಾಂಜಾ ತರಹ ಕೆಲಸ ಮಾಡೋ ರಾಸಾಯನಿಕಗಳ ಮೇಲೆ. ಅದರಲ್ಲಿ ಒಂದರ ಹೆಸರು ಆನಂದಮೈಡ್. ಹೌದು, ನಮ್ಮ "ಆನಂದ"ದಿಂದಲೇ ಇಟ್ಟ ಹೆಸರು!

ಆದರೆ ಆ ಹಿತ ಸ್ವಲ್ಪ ಹೊತ್ತಿನದು. ವಾರಗಟ್ಟಲೆ ಕಾಡೋ ಖಿನ್ನತೆಗೆ ವ್ಯಾಯಾಮ ಏನಾದ್ರೂ ಮಾಡುತ್ತಾ? ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ತಂಡ ಇದನ್ನೇ ಪರೀಕ್ಷಿಸಿತು. 2007ರ ಅಧ್ಯಯನದಲ್ಲಿ ಖಿನ್ನತೆ ಇದ್ದ 202 ಜನರನ್ನ ನಾಲ್ಕು ಗುಂಪು ಮಾಡಿ 16 ವಾರ ನೋಡಿದರು. ಮಾತ್ರೆ ತಗೊಂಡವರಲ್ಲಿ 47%, ತರಬೇತುದಾರರ ಎದುರು ಗುಂಪಿನಲ್ಲಿ ವ್ಯಾಯಾಮ ಮಾಡಿದವರಲ್ಲಿ 45%, ಮನೆಯಲ್ಲೇ ಮಾಡಿದವರಲ್ಲಿ 40% ಜನ ಖಿನ್ನತೆಯಿಂದ ಹೊರಗೆ ಬಂದಿದ್ದರು. ಔಷಧವೇ ಇಲ್ಲದ ಡಮ್ಮಿ ಮಾತ್ರೆ ತಗೊಂಡವರಲ್ಲೂ 31%! ಅಂದರೆ ವ್ಯಾಯಾಮ ಮಂತ್ರದಂಡ ಅಲ್ಲ. ಆದರೆ ಮಾತ್ರೆಯ ಪಕ್ಕದಲ್ಲಿ ನಿಲ್ಲೋವಷ್ಟು ಗಟ್ಟಿ.

ಕಷ್ಟ ಇರೋದು ಬೇರೆ ಕಡೆ. ಖಿನ್ನತೆ ಮೊದಲು ಕಿತ್ಕೊಳ್ಳೋದೇ "ಮಾಡೋಣ" ಅನ್ನೋ ಆಸೆಯನ್ನ. ಹಾಸಿಗೆಯಿಂದ ಏಳೋಕೇ ಆಗದವನಿಗೆ ಜಿಮ್ ಸೇರು ಅಂದ್ರೆ, ಹೋಗೋಕಾಗದೆ ತನ್ನನ್ನೇ ಇನ್ನಷ್ಟು ಬೈಕೊಳ್ತಾನೆ. ಮನೋವೈದ್ಯರು, ಆಪ್ತಸಮಾಲೋಚಕರು ಇಲ್ಲಿ ಲೆಕ್ಕವನ್ನ ತಿರುಗಿಸ್ತಾರೆ: ಮೊದಲು ಕೆಲಸ, ಆಮೇಲೆ ಮೂಡ್. ಕೆಲಸ ಎಷ್ಟು ಚಿಕ್ಕದಿರಬೇಕು ಅಂದ್ರೆ ಮೂಡ್ ಇಲ್ಲದಿದ್ರೂ ಆಗಬೇಕು. ಚಪ್ಪಲಿ ಹಾಕಿ ಗೇಟ್ ತನಕ ಹೋಗಿ ಬನ್ನಿ. ಕ್ಯಾಮೆರಾ ಆನ್ ಮಾಡಬೇಕಿಲ್ಲದ ಕಾಲ್ ಇದ್ರೆ ಟೆರೇಸ್ ಮೇಲೆ ನಡೀತಾ ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ವಾರಕ್ಕೆ 150 ನಿಮಿಷ ಆಮೇಲೆ ನೋಡ್ಕೊಳ್ಳೋಣ. ಜೊತೆಗೆ ಒಬ್ರು ಸಿಕ್ಕರೆ ಇನ್ನೂ ಒಳ್ಳೇದು. ಭಾನುವಾರ ಬೆಳಗ್ಗೆ ಕನ್ನಡ ಮಾತಾಡ್ಕೊಂಡು ಪುಣೆಯ ವೇತಾಳ ಟೇಕಡಿ ಹತ್ತೋದು ಟ್ರೆಡ್‌ಮಿಲ್‌ಗಿಂತ ನನಗಂತೂ ವಾಸಿ ಅನ್ಸುತ್ತೆ.

ಒಂದು ಎಚ್ಚರಿಕೆ. ಈಗಾಗಲೇ ಮಾತ್ರೆ ತಗೊಳ್ತಿದ್ರೆ, ಇದನ್ನ ಓದಿ ನಿಲ್ಲಿಸಬೇಡಿ, ವೈದ್ಯರನ್ನ ಕೇಳಿ. ಎರಡು ವಾರದಿಂದ ನಿದ್ದೆ, ಊಟ, ಕೆಲಸ ಎಲ್ಲಾ ಕೆಟ್ಟಿದ್ರೆ, ಬದುಕೋದೇ ಬೇಡ ಅನ್ಸಿದ್ರೆ, ವಾಕಿಂಗ್ ಸಾಲದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ. ನೀವು ಯಾವ ಊರಲ್ಲಿದ್ರೂ ಭಾಷೆ ಕೇಳಿದಾಗ ಕನ್ನಡ ಆರಿಸ್ಕೊಳ್ಳಿ.