ಹೆಬ್ಬೆರಳಿಲ್ಲದ ಕಳ್ಳ

ರಕೂನಿನ ಮುಂಗಾಲಿನಲ್ಲಿ ಐದು ಉದ್ದನೆಯ ಬೆರಳುಗಳಿವೆ. ಆದರೆ ಉಳಿದ ನಾಲ್ಕಕ್ಕೆ ಎದುರಾಗಿ ಬಾಗಿ ವಸ್ತುವನ್ನು ಬಿಗಿಹಿಡಿಯುವ ಹೆಬ್ಬೆರಳಿಲ್ಲ. ಕೆನಡಾದ ಟೊರಾಂಟೊ ನಗರ 2016ರಲ್ಲಿ 3.1 ಕೋಟಿ ಡಾಲರ್ ಸುರಿದು ಮನೆಮನೆಗೂ ಕಸದ ಹೊಸ ಹಸಿರು ಡಬ್ಬ ಹಂಚಲು ಹೊರಟಾಗ ನೆಚ್ಚಿಕೊಂಡಿದ್ದು ಈ ಒಂದು ಕೊರತೆಯನ್ನು.

ರಕೂನ್ ನಮ್ಮ ಕಡೆ ಇಲ್ಲ. ಬೆಕ್ಕಿಗಿಂತ ದಪ್ಪಗಿನ ಮೈ, ಕಣ್ಣಿನ ಸುತ್ತ ಕಪ್ಪು ಪಟ್ಟೆ, ಬಾಲದ ತುಂಬ ಉಂಗುರ. ಕತ್ತಲಾದ ಮೇಲೆ ಓಡಾಡುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಮೂಲದಲ್ಲಿ ತೊರೆಯ ನೀರಿನಲ್ಲಿ ಕೈಯಾಡಿಸಿ ಏಡಿ, ಕಪ್ಪೆ ಹುಡುಕುವ ಪ್ರಾಣಿ. ಹಾಗಾಗಿ ಅದರ ಮೆದುಳಿನಲ್ಲಿ ಸ್ಪರ್ಶಕ್ಕೆ ಮೀಸಲಾದ ಜಾಗ ಬಹಳ ದೊಡ್ಡದು. ಕಣ್ಣಿಗೆ ಕಾಣದ ಕೊಂಡಿಯನ್ನೂ ತಡವಿಯೇ ಅರ್ಥ ಮಾಡಿಕೊಳ್ಳುತ್ತದೆ. ಹಳೆಯ ಡಬ್ಬಗಳ ಕೊಂಡಿಗಳನ್ನು ಟೊರಾಂಟೊದ ರಕೂನ್‌ಗಳು ಸುಲಭವಾಗಿ ಬಿಡಿಸುತ್ತಿದ್ದವು. ಹೊಸ ಡಬ್ಬಕ್ಕೆ ಎಳೆಯುವ ಕೊಂಡಿಯ ಬದಲು ತಿರುಗಿಸುವ ಹಿಡಿ ಕೊಟ್ಟರು. ಹಿಡಿದು ತಿರುಗಿಸುವುದಕ್ಕೆ ಹೆಬ್ಬೆರಳು ಬೇಕಲ್ಲ! ಕಸದ ಲಾರಿ ಡಬ್ಬವನ್ನು ಎತ್ತಿ ಬೋರಲು ಹಾಕಿದಾಗ ಮಾತ್ರ ಬೀಗ ತಾನಾಗಿ ಕಳಚಿಕೊಳ್ಳುತ್ತದೆ. ಯಾರ್ಕ್ ವಿಶ್ವವಿದ್ಯಾಲಯದ ಪ್ರಾಣಿವರ್ತನೆಯ ತಜ್ಞೆ ಸುಝಾನ್ ಮ್ಯಾಕ್‌ಡೊನಾಲ್ಡ್ ಈ ಡಬ್ಬಗಳನ್ನು ರಕೂನ್‌ಗಳ ಮುಂದಿಟ್ಟು ಪರೀಕ್ಷೆ ಮಾಡಿದ್ದರು. ಬಹುತೇಕ ಎಲ್ಲ ಸೋತವು. ಎರಡು ವರ್ಷದಲ್ಲಿ ಕೆಲವು ಮಾತ್ರ ಡಬ್ಬವನ್ನು ನೆಲಕ್ಕೆ ಕೆಡವಿ ಹಿಡಿಯನ್ನು ತಿರುಗಿಸಲು ಕಲಿತದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ಪತ್ರಿಕೆಗಳು ಯೋಜನೆಯನ್ನು ಗೇಲಿ ಮಾಡಿದವು. ನನಗೇನೋ ಅದು ಗೇಲಿ ಮಾಡುವ ವಿಷಯ ಅನ್ನಿಸುವುದಿಲ್ಲ. ಊರಿನ ಎಲ್ಲ ರಕೂನ್‌ಗಳಿಗೆ ಬರುತ್ತಿದ್ದ ವಿದ್ಯೆ ಬೆರಳೆಣಿಕೆಯವಕ್ಕೆ ಮಾತ್ರ ಉಳಿಯಿತು ಅಂದರೆ ಡಬ್ಬ ಗೆದ್ದಿದೆ ಎಂದೇ ಲೆಕ್ಕ.

ಸಿಡ್ನಿಯವರಿಗೆ ಎದುರಾದವನು ಬೇರೆ ಜಾತಿಯ ಕಳ್ಳ. ಅಲ್ಲಿನ ಬಿಳಿ ಕಾಕಟೂ ಗಿಣಿ ಕೊಕ್ಕಿನಿಂದ ಕಸದ ಡಬ್ಬದ ಮುಚ್ಚಳದ ತುದಿ ಎತ್ತಿ, ಅಂಚಿನ ಮೇಲೆಯೇ ಕಾಲಿಡುತ್ತ ಹಿಂದಿನ ತಿರುಗಣೆಯ ಕಡೆಗೆ ನಡೆಯುತ್ತದೆ. ಸಾಕಷ್ಟು ಹಿಂದೆ ಹೋದ ಮೇಲೆ ಮುಚ್ಚಳ ತಾನೇ ಆ ಕಡೆ ಬೀಳುತ್ತದೆ. 2018ಕ್ಕಿಂತ ಮುಂಚೆ ಮೂರು ಬಡಾವಣೆಗಳಿಂದ ಮಾತ್ರ ಈ ದೂರು ಇತ್ತು. 2019ರ ಕೊನೆಗೆ 44 ಬಡಾವಣೆಗಳಿಗೆ ಹಬ್ಬಿತ್ತು. ಬಾರ್ಬರಾ ಕ್ಲಂಪ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವಂತೆ ಇದು ಹುಟ್ಟುಗುಣವಲ್ಲ, ಒಂದು ಹಕ್ಕಿಯನ್ನು ನೋಡಿ ಇನ್ನೊಂದು ಕಲಿತದ್ದು. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರು. ಹಕ್ಕಿಗಳು ಇಟ್ಟಿಗೆ ತಳ್ಳಲು ಕಲಿತವು. ಜನ ನೀರು ತುಂಬಿದ ಬಾಟಲಿ ಕಟ್ಟಿದರು, ತಿರುಗಣೆಯ ಸಂದಿಗೆ ಹಳೆಯ ಶೂ ತುರುಕಿದರು. ಪೂರ್ತಿ ಬೀಗ ಹಾಕುವಂತಿಲ್ಲ, ಲಾರಿ ಬೋರಲು ಹಾಕಿದಾಗ ಮುಚ್ಚಳ ತೆರೆಯಲೇಬೇಕು. ಮನೆಯವರೂ ಈ ಉಪಾಯಗಳನ್ನು ಹೆಚ್ಚಾಗಿ ಪಕ್ಕದ ಮನೆಯವರನ್ನು ನೋಡಿಯೇ ಕಲಿತರು ಎಂಬುದು ಮುಂದಿನ ಅಧ್ಯಯನದಲ್ಲಿ ಗೊತ್ತಾಯಿತು.

ಕರಡಿಗೆ ಬೆರಳಿನ ಚಾತುರ್ಯ ಬೇಡ, ತೂಕವೇ ಸಾಕು. ಅಮೆರಿಕದ ಕಪ್ಪು ಕರಡಿ ಚಳಿಗಾಲದ ದೀರ್ಘ ನಿದ್ದೆಗೆ ಮುಂಚೆ ದಿನಕ್ಕೆ 20,000 ಕ್ಯಾಲೊರಿಯವರೆಗೂ ತಿನ್ನಬೇಕಾಗುತ್ತದೆ. ಕಾಡಿನಲ್ಲಿ ಹಣ್ಣು ಕಡಿಮೆಯಾದ ವರ್ಷ ಊರಿನ ಕಸ ಅದಕ್ಕೆ ಅತಿ ಸುಲಭದ ಊಟ. ಅಲ್ಲಿ ಕರಡಿ ತಡೆಯುವ ಡಬ್ಬದ ಚಿಲಕವನ್ನು ಲೋಹದ ಮರೆಯೊಳಗೆ ಅಡಗಿಸುತ್ತಾರೆ. ಮನುಷ್ಯನ ಬೆರಳು ಒಳಗೆ ಹೋಗುತ್ತದೆ, ಉದ್ದ ಉಗುರಿನ ಅಗಲ ಪಂಜ ಹೋಗುವುದಿಲ್ಲ. ಡಬ್ಬ ಗಟ್ಟಿಯೋ ಅಲ್ಲವೋ ಎಂದು ತೀರ್ಮಾನಿಸುವವರು ಮೊಂಟಾನಾದ ವೆಸ್ಟ್ ಯೆಲ್ಲೊಸ್ಟೋನ್‌ನಲ್ಲಿ ಸಾಕಿದ ಗ್ರಿಜ್ಲಿ ಕರಡಿಗಳು. ಒಳಗೆ ತಿಂಡಿ ಇಟ್ಟು ಅವುಗಳ ಕೈಗೆ ಕೊಡುತ್ತಾರೆ. ಅವು ಒಟ್ಟು ಒಂದು ಗಂಟೆ ಗುದ್ದಿ, ಕಚ್ಚಿ, ಮೇಲೆ ಹತ್ತಿ ಕುಣಿದರೂ ಬಾಯಿ ಬಿಡದ ಡಬ್ಬಕ್ಕೆ ಪ್ರಮಾಣಪತ್ರ. ಕೊಲೊರಾಡೊದ ಡುರಾಂಗೊ ಪಟ್ಟಣದಲ್ಲಿ ಕೆಲವು ಕೇರಿಗಳಿಗೆ ಮಾತ್ರ ಇಂಥ 1,100ಕ್ಕೂ ಹೆಚ್ಚು ಡಬ್ಬ ಕೊಟ್ಟು, ಕೊಡದ ಕೇರಿಗಳ ಜೊತೆ ಹೋಲಿಸಿ ನೋಡಿದರು. ಕೊಟ್ಟ ಕಡೆ ಕಸದ ತಂಟೆ 60 ಪ್ರತಿಶತ ಕಡಿಮೆ.

ಈಗ ನಮ್ಮ ಊರಿಗೆ ಬರೋಣ. ನಡುನೆತ್ತಿಯಲ್ಲಿ ಬೈತಲೆ ತೆಗೆದ ಹಾಗೆ ಕೂದಲಿರುವ ನಮ್ಮ ಕೋತಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲ. ಅದಕ್ಕೆ ಹೆಬ್ಬೆರಳಿದೆ! ಟೊರಾಂಟೊದ ಡಬ್ಬವನ್ನು ಮೈಸೂರಿಗೆ ತಂದಿಟ್ಟರೆ ಒಂದು ವಾರವೂ ಬಾಳಲಿಕ್ಕಿಲ್ಲ. ಕೋತಿ ಗಂಟು ಬಿಚ್ಚುತ್ತದೆ, ಚಿಲಕ ಸರಿಸುತ್ತದೆ, ಮುಚ್ಚಳದ ಮೇಲಿಟ್ಟ ಕಲ್ಲನ್ನು ಇಳಿಸುತ್ತದೆ. ಕೆನ್ನೆಯೊಳಗಿನ ಚೀಲಕ್ಕೆ ಸಿಕ್ಕಿದ್ದನ್ನು ತುಂಬಿಕೊಂಡು ಕಾಂಪೌಂಡ್ ಮೇಲೆ ಕೂತು ನಿಧಾನವಾಗಿ ಮೆಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಬೀಗಕ್ಕಿಂತ ಗಡಿಯಾರ ಮುಖ್ಯ. ರಕೂನ್ ಇರುಳಿನಲ್ಲಿ ಬರುವುದರಿಂದ ಅಲ್ಲಿ ಕಸವನ್ನು ಬೆಳಗಾದ ಮೇಲೆ ಹೊರಗಿಟ್ಟರೆ ಅರ್ಧ ಕೆಲಸ ಆಯಿತು. ಕೋತಿ ಹಗಲಿನ ಪ್ರಾಣಿ. ಅದು ಓಡಾಡಲು ಶುರು ಮಾಡುವ ಹೊತ್ತಿಗೇ ಕಸದ ಗಾಡಿಯೂ ಬರುತ್ತದೆ. ಗೇಟಿಗೆ ನೇತುಹಾಕಿದ ಕವರ್, ಗಾಡಿ ಬರುವ ಅರ್ಧ ಗಂಟೆ ಮುಂಚೆ ಇಟ್ಟಿದ್ದಾದರೂ ಕೋತಿಗೇ ಮೊದಲು ಸೇರುತ್ತದೆ. ಗಾಡಿಯ ಹಾಡು ಕೇಳಿದ ಮೇಲೆ ಒಳಗಿಂದ ಡಬ್ಬ ತಂದು ಪೌರಕಾರ್ಮಿಕರ ಕೈಗೇ ಕೊಡುವುದಕ್ಕಿಂತ ಒಳ್ಳೆಯ ಬೀಗವನ್ನು ಯಾರೂ ಮಾಡಿಲ್ಲ.

ಪಟಾಕಿ ಹೊಡೆದು, ಕವಣೆ ಬೀಸಿ ಓಡಿಸುವವರಿದ್ದಾರೆ. ಪಟಾಕಿ ಮೈಗೆ ತಾಗುವುದಿಲ್ಲ ಎಂದು ಕೋತಿಗೆ ಬೇಗ ಗೊತ್ತಾಗುತ್ತದೆ. ಹಿಡಿದು ದೂರದ ಕಾಡಿಗೆ ಬಿಡಿಸಿದರೆ ಕಾಡಂಚಿನ ಹಳ್ಳಿಯವರಿಗೆ ಕಾಟ ಹೆಚ್ಚುತ್ತದೆ. ನಮ್ಮ ಬೀದಿಯಲ್ಲಿ ಊಟ ಇದ್ದೇ ಇರುವುದರಿಂದ ತೆರವಾದ ಜಾಗಕ್ಕೆ ಇನ್ನೊಂದು ಹಿಂಡು ಬರುತ್ತದೆ. ಪುಣ್ಯ ಬರಲಿ ಎಂದು ಬಾಳೆಹಣ್ಣು ಕೊಡುವವರ ಬಗ್ಗೆ ಹೆಚ್ಚು ಹೇಳಿದರೆ ಜಗಳವಾಗುತ್ತದೆ. ಆದರೂ ಕೈಯಿಂದ ತಿಂದ ಕೋತಿಯೇ ಮರುದಿನ ಪಕ್ಕದ ಮನೆಯ ಅಡುಗೆಮನೆಗೆ ನುಗ್ಗುವುದು.

ಕರ್ನಾಟಕ ಹೈಕೋರ್ಟ್ 2015ರಲ್ಲಿ ಬೆಂಗಳೂರಿನವರಿಗೆ ಕಸ ವಿಂಗಡಿಸಿಡಲು ಎರಡು ಡಬ್ಬ, ಒಂದು ಚೀಲದ ಕಟ್ಟಳೆ ಮಾಡಿದ್ದು ಕೋತಿಗಾಗಿ ಅಲ್ಲ. ಆದರೂ ಇಲ್ಲಿ ಅದು ಒದಗಿಬರುತ್ತದೆ. ವಾಸನೆ ಬರುವುದು ಹಸಿ ಕಸದಿಂದ. ಅದನ್ನು ಬೇರೆ ಮಾಡಿದರೆ ಕಾಯಬೇಕಾದದ್ದು ಒಂದು ಚಿಕ್ಕ ಡಬ್ಬ ಅಷ್ಟೆ. ಹಾಲಿನ ಕವರನ್ನು, ಮೊಸರಿನ ಡಬ್ಬಿಯನ್ನು ತೊಳೆದು ಒಣಗಿಸಿಟ್ಟರೆ ಒಣ ಕಸದ ಚೀಲದ ಕಡೆಗೆ ಯಾವ ಪ್ರಾಣಿಯೂ ತಿರುಗಿ ನೋಡುವುದಿಲ್ಲ. ಮೀನಿನ ಮುಳ್ಳು, ಕೋಳಿಯ ಮೂಳೆಯನ್ನು ಡಬ್ಬಿಯಲ್ಲಿ ಮುಚ್ಚಿ ಗಾಡಿ ಬರುವ ತನಕ ಫ್ರೀಜರಿನಲ್ಲಿಡಬಹುದು, ಮನೆಯ ಹಿರಿಯರು ಒಪ್ಪಿದರೆ. ಮನೆಯಲ್ಲೇ ಗೊಬ್ಬರ ಮಾಡುವವರು ಪ್ರತಿ ಸಲವೂ ಸಿಪ್ಪೆಯ ಮೇಲೆ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡಬೇಕು. ಹಳಸಿದ ಅನ್ನ ಹಾಕಿದರೆ ಕೋತಿಗೂ ಇಲಿಗೂ ಕರೆಯೋಲೆ ಕೊಟ್ಟ ಹಾಗೇ.

ಇಲ್ಲಿಯವರೆಗೂ ಕಸಕ್ಕೆ ನೇರವಾಗಿ ಬಾಯಿ ಹಾಕುವ ಪ್ರಾಣಿಗಳ ಮಾತಾಯಿತು. ಚಿರತೆ ಕಸ ತಿನ್ನುವುದಿಲ್ಲ, ಕಸ ತಿಂದು ಬದುಕುವ ನಾಯಿಯನ್ನು ತಿನ್ನುತ್ತದೆ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ ಅದರ ಆಹಾರದ 39 ಪ್ರತಿಶತ ನಾಯಿಯೇ ಎಂದು ಕಂಡುಬಂತು. ಮುಂಬೈನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಬಡಾವಣೆಗಳಲ್ಲಿ ಅರಣ್ಯ ಇಲಾಖೆ ಜನರಿಗೆ ಹೇಳುವ ಎಚ್ಚರಿಕೆಗಳಲ್ಲಿ ಬೀದಿಯಲ್ಲಿ ಕಸ ಬೀಳದಂತೆ ನೋಡಿಕೊಳ್ಳುವುದೂ ಒಂದು. ಇರುಳಿನಲ್ಲಿ ಖಾಲಿ ಸೈಟಿಗೂ ಕೆರೆಯ ಏರಿಗೂ ಸುರಿಯುವ ಕೋಳಿ ಅಂಗಡಿಯ ಮೂಟೆ ನಾಯಿಗಳ ಹಿಂಡನ್ನು ಸಾಕುತ್ತದೆ. ಕಾಡೋ ಗುಡ್ಡವೋ ಹತ್ತಿರವಿರುವ ಊರಿನಲ್ಲಿ ಆ ಹಿಂಡಿನ ಹಿಂದೆ ಯಾರು ಬರುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ತೊಡಕು ಉಳಿಯುತ್ತದೆ. ಗಾಡಿ ಬರುವ ಮೊದಲೇ ಕೆಲಸಕ್ಕೆ ಹೊರಡುವವರು ಕಸವನ್ನು ಯಾರ ಕೈಗೆ ಕೊಡಬೇಕು? ಬಾಗಿಲು ಹಾಕಿ ಹೋಗುವ ಬಾಡಿಗೆ ಮನೆಗಳಿಂದಲೇ ಕವರುಗಳು ಗೇಟಿಗೆ ಬೀಳುವುದು. ಟೋಕಿಯೊದಲ್ಲಿ 2001ರ ಹೊತ್ತಿಗೆ ಸುಮಾರು 36,000 ಕಾಗೆಗಳಾದಾಗ ಅಲ್ಲಿ ಕೇರಿಗೊಂದು ಜಾಗದಲ್ಲಿ ಕಸದ ಮೂಟೆಗಳನ್ನು ಒಟ್ಟಿಗೆ ಇಟ್ಟು ಮೇಲೆ ಬಲೆ ಹೊದಿಸುವುದು ವಾಡಿಕೆಯಾಯಿತು. ಕೋತಿ ಬಲೆಯನ್ನು ಸುಮ್ಮನೆ ಎತ್ತಿಬಿಡುತ್ತದೆ. ನಮಗೆ ಬೇಕಾದದ್ದು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದಾದ, ಸಣ್ಣ ಕಣ್ಣಿನ ಕಬ್ಬಿಣದ ಜಾಲರಿಯ ಗೂಡು. ಅದಕ್ಕೆ ಚಿಲಕ ಸಾಲದು, ಬೀಗ ಬೇಕು. ಒಂದು ಬೀಗದ ಕೈ ಪೌರಕಾರ್ಮಿಕರ ಹತ್ತಿರ, ಇನ್ನೊಂದು ಓನರ್ ಮನೆಯಲ್ಲಿ.