ದಪ್ಪ ಜ್ಯಾಮಿತೀಯ ಅಕ್ಷರರೂಪ ಮತ್ತು ಹೊರನಾಡಿನ ದಾರಿಯ ಫಲಕಗಳು

ರೋಮನ್ ಲಿಪಿಯ ಮುದ್ರಣದಲ್ಲಿ ಅಕ್ಷರದ ಗೆರೆ ಮುಗಿಯುವೆಡೆ ಸಣ್ಣ ಚಾಚೊಂದನ್ನು ಇಡುವ ರೂಢಿಯುಂಟು. ಇದಕ್ಕೆ ಸೆರಿಫ್ ಎಂದು ಹೆಸರು. ಈ ಚಾಚನ್ನು ಕಳೆದು, ವೃತ್ತ ಮತ್ತು ಸರಳರೇಖೆಗಳಿಂದಲೇ ಅಕ್ಷರವನ್ನು ಕಟ್ಟುವ ಕ್ರಮಕ್ಕೆ ಪ್ರಸಿದ್ಧ ನಿದರ್ಶನ, ಜರ್ಮನಿಯ ಪಾಲ್ ರೆನ್ನರ್ ರೂಪಿಸಿ 1927ರಲ್ಲಿ ಬಳಕೆಗೆ ಬಂದ ಫ್ಯೂಚುರಾ. ಅದರ ದಪ್ಪ ರೂಪವು ಶೀರ್ಷಿಕೆಗೂ ನಾಮಫಲಕಕ್ಕೂ ಹೇಳಿಮಾಡಿಸಿದಂತಿದೆ. ದೀರ್ಘವಾದ ಓದಿಗೆ ಒಗ್ಗದು. ಇಂಥ ರೂಪವನ್ನು ಕನ್ನಡಕ್ಕೆ ತರುವಾಗ ಏನನ್ನು ಬಿಡಬಹುದು, ಏನನ್ನು ಬಿಡಲಾಗದು ಎಂಬುದೇ ಇಲ್ಲಿಯ ವಿಚಾರ.

ನಮ್ಮ ತಲೆಕಟ್ಟು ಸೆರಿಫ್ ಅಲ್ಲ. ಸೆರಿಫನ್ನು ತೆಗೆದರೂ ಅಕ್ಷರ ಅದೇ ಆಗಿ ಉಳಿಯುತ್ತದೆ. ‘ಕ’ದ ತಲೆಕಟ್ಟಾದರೋ ಅಕಾರದ ಗುರುತು. ಅದರ ಸ್ಥಾನದಲ್ಲಿ ಗುಡಿಸು ಬಂದರೆ ‘ಕಿ’, ಏತ್ವ ಬಂದರೆ ‘ಕೆ’. ಅದನ್ನು ಸರಳಗೊಳಿಸಬಹುದೇ ಹೊರತು ಕಳೆಯುವಂತಿಲ್ಲ. ಇನ್ನು ಲಿಪಿ ಮೊದಲೇ ದುಂಡಗಿರುವುದರಿಂದ ಕೆಲಸ ಸುಲಭವೆಂದು ತೋರಬಹುದು. ಆದರೆ ಕೈವಾರದಿಂದ ಎಳೆಯಬಹುದಾದ ಶುದ್ಧ ವೃತ್ತ ನಮ್ಮಲ್ಲಿ ಅನುಸ್ವಾರದ ಸೊನ್ನೆಯೊಂದೇ ಎನ್ನಬೇಕು.

ನಿಜವಾದ ತೊಡಕಿರುವುದು ದಪ್ಪದಲ್ಲಿ. ಇದನ್ನು ಪರೀಕ್ಷಿಸಲು ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆ ತಕ್ಕ ಸ್ಥಳ. ‘ಕಳಸ’, ‘ಹೊರನಾಡು’ ಎಂಬ ಹೆಸರುಗಳಲ್ಲಿ ಒತ್ತಕ್ಷರವೇ ಇಲ್ಲ. ಫಲಕದ ಎತ್ತರವನ್ನೆಲ್ಲ ಮೂಲಾಕ್ಷರಗಳೇ ತುಂಬಬಹುದು. ಹೊರನಾಡಿನ ದೇವತೆಯ ಹೆಸರನ್ನು ಬರೆಯಹೊರಟೊಡನೆ ಪರಿಸ್ಥಿತಿ ಬದಲಾಗುತ್ತದೆ. ‘ಅನ್ನಪೂರ್ಣೇಶ್ವರಿ’ಯಲ್ಲಿ ‘ನ್ನ’, ‘ಶ್ವ’ಗಳ ಒತ್ತಿಗೆ ಕೆಳಗೆ ಸ್ಥಳ ಬೇಕು, ‘ರ್ಣೇ’ ಎಂಬುದು ದೀರ್ಘವನ್ನೂ ಅರ್ಕಾವತ್ತನ್ನೂ ಬಲಕ್ಕೆ ಚಾಚುತ್ತದೆ. ‘ಚಿಕ್ಕಮಗಳೂರು’, ‘ಕೊಟ್ಟಿಗೆಹಾರ’ಗಳಿಗೂ ಒತ್ತಿನ ಪಾಡು ಇದೇ. ಫಲಕ ದೊಡ್ಡದಾಗದಿದ್ದರೆ ಮೂಲಾಕ್ಷರ ಕುಗ್ಗಬೇಕು, ಒತ್ತು ಅದಕ್ಕಿಂತಲೂ ಕಿರಿದಾಗಬೇಕು. ಕಿರಿದಾದ ಒತ್ತಿಗೂ ಅಷ್ಟೇ ದಪ್ಪದ ಗೆರೆಯನ್ನಿತ್ತರೆ ಒಳಗಿನ ಬಿಳುಪು ಮುಚ್ಚಿ ಅದು ಕಪ್ಪು ಉಂಡೆಯಾಗುತ್ತದೆ. ತೀರ ತೆಳ್ಳಗಾಗಿಸಿದರೆ ದೂರಕ್ಕೆ ಕಾಣದು. ಫ್ಯೂಚುರಾದಲ್ಲಿಯೂ ದುಂಡುಗೆರೆ ಕಂಬವನ್ನು ಸೇರುವೆಡೆ ತುಸು ತೆಳುವಾಗುತ್ತದೆ. ನಮ್ಮ ಒತ್ತುಗಳಿಗೆ ಆ ರಿಯಾಯಿತಿ ಇನ್ನೂ ಹೆಚ್ಚಾಗಿ ಬೇಕು.

ಮಹಾಪ್ರಾಣಗಳದು ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ. ‘ದ’ ‘ಧ’ಗಳ, ‘ಬ’ ‘ಭ’ಗಳ ಭೇದವೆಲ್ಲ ಬುಡದ ಸಣ್ಣ ಸೀಳಿನಲ್ಲಿದೆ, ‘ಠ’ವನ್ನು ‘ರ’ದಿಂದ ಬೇರ್ಪಡಿಸುವುದು ನಡುವಿನ ಚುಕ್ಕೆ. ಗೆರೆ ದಪ್ಪವಾದಷ್ಟೂ ಇವು ಅಡಗುತ್ತವೆ. ಮಳೆಗಾಲದ ಮಂಜಿನಲ್ಲಿ ಘಾಟಿಯ ತಿರುವಿನಲ್ಲಿ ಫಲಕ ಕಣ್ಣಿಗೆ ಬೀಳುವುದು ಕೆಲವೇ ಕ್ಷಣ. ಊರಿನವರು ಪದದ ಆಕಾರದಿಂದಲೇ ಗುರುತಿಸಿಯಾರು. ಹೊಸ ಯಾತ್ರಿಕನು ಅಕ್ಷರ ಅಕ್ಷರವಾಗಿ ಓದಬೇಕು. ವಾಹನದ ದೀಪಕ್ಕೆ ಹೊಳೆಯುವ ಫಲಕದಲ್ಲಂತೂ ಬಿಳಿಯ ಅಕ್ಷರ ಅಂಚು ಮೀರಿ ಹಬ್ಬಿದಂತೆ ತೋರುತ್ತದೆ. ಆದುದರಿಂದ ದಾರಿಗೆ ಮಧ್ಯಮ ದಪ್ಪವೇ ಲೇಸೆಂದು ನನ್ನ ಅಭಿಪ್ರಾಯ.

ಕಾಫಿ ತುಂಬುವ ಗೋಣಿಚೀಲದ ಮಾತು ಬೇರೆ. ಒರಟು ನೇಯ್ಗೆ ತೆಳುಗೆರೆಯನ್ನು ನುಂಗಿಬಿಡುವುದರಿಂದ ಅಲ್ಲಿ ದಪ್ಪವೇ ಸರಿ. ತಗಡಿನಲ್ಲಿ ಕೊರೆದ ಅಚ್ಚಾದರೆ ‘ರ’ದ ನಡುಭಾಗ ಕಳಚದಂತೆ ಸಣ್ಣ ಸೇತುವೆಗಳನ್ನು ಉಳಿಸಬೇಕಷ್ಟೆ.

ಈಗ ಗಣಕದಲ್ಲಿ ದೊರೆಯುವ ರೂಪಗಳಲ್ಲಿ ಎಕ್ ಟೈಪ್ ಬಳಗದ ‘ಬಾಲೂ ತಮ್ಮ’ ದಪ್ಪವಾದರೂ ಕಟ್ಟುನಿಟ್ಟಿನ ಜ್ಯಾಮಿತಿಯದಲ್ಲ. ಅದೇ ಬಳಗದ, 2022ರಲ್ಲಿ ಹೊರಬಂದ ‘ಅನೇಕ್’ನಲ್ಲಿ ಗೆರೆಯ ದಪ್ಪವನ್ನೂ ಅಕ್ಷರದ ಅಗಲವನ್ನೂ ಬೇರೆಬೇರೆಯಾಗಿ ಹೊಂದಿಸಬಹುದು. ವಿದ್ಯಾರ್ಥಿಗಳು ‘ಅನ್ನಪೂರ್ಣೇಶ್ವರಿ’ಯನ್ನು ಒಂದೇ ಎತ್ತರದಲ್ಲಿ ಮೂರು ದಪ್ಪಗಳಲ್ಲಿ ಅಚ್ಚು ಹಾಕಿಸಿ, ಗೋಡೆಗೆ ಅಂಟಿಸಿ, ಹಿಂದೆ ಸರಿಯುತ್ತ ಯಾವ ಒತ್ತು ಮೊದಲು ಅಳಿಯುವುದೆಂದು ಅಳೆದು ನೋಡಬಹುದು.