ಹೊಸಬರಿಗೆ ಮಾಟುಂಗಾದ ಒಂದು ರವಿವಾರ

ಮುಂಬಯಿ: ಊರಿನಿಂದ ಕೆಲಸಕ್ಕೆಂದು ಬಂದ ಯುವಕ-ಯುವತಿಯರಿಗೆ ಇಲ್ಲಿ ಕೆಲಸದ ದಿನಗಳು ಹೇಗೋ ಕಳೆಯುತ್ತವೆ. ಲೋಕಲ್ ರೈಲು, ಕಚೇರಿ, ಪೇಯಿಂಗ್ ಗೆಸ್ಟ್ ಕೋಣೆ ಇವುಗಳ ನಡುವೆ ಊರನ್ನು ನೆನೆಯಲೂ ಪುರುಸೊತ್ತಿರುವುದಿಲ್ಲ. ಕಷ್ಟವಾಗುವುದು ರಜೆಯ ದಿನ.

ಅಂಥವರು ನಾಲ್ಕು ಮಂದಿ ಗೆಳೆಯರೊಡನೆ ಒಂದು ರವಿವಾರ ಮಾಟುಂಗಾಕ್ಕೆ ಬರಬೇಕು. ಮೆಗಾಬ್ಲಾಕ್ ಇದೆಯೇ ಎಂದು ಮೊದಲೇ ನೋಡಿಕೊಂಡು ಸ್ಲೋ ಗಾಡಿ ಹಿಡಿದರಾಯಿತು. ಪೂರ್ವಕ್ಕೆ ಇಳಿದರೆ ಹೂವಿನ ಅಂಗಡಿಗಳು, ಬಾಳೆಎಲೆ, ಫಿಲ್ಟರ್ ಕಾಫಿಯ ಪರಿಮಳ. 1940ರ ಕೆಫೆ ಮದ್ರಾಸ್‌ನಲ್ಲಿ ಹೆಸರು ಬರೆಸಿ ಕಾದು ತಿಂಡಿ. ಮಧ್ಯಾಹ್ನ ನಿಲ್ದಾಣದ ಬಳಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಎಲೆಯೂಟ. 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ ಇರುವುದೂ ಇಲ್ಲಿಯ ಭಾವುದಾಜಿ ರಸ್ತೆಯಲ್ಲೇ.

ಸಂಜೆ ಫೈವ್ ಗಾರ್ಡನ್ಸ್‌ನ ಮರಗಳ ನೆರಳಲ್ಲಿ ಕುಳಿತಾಗ ನಿಜವಾದ ಪಾಠ ಆರಂಭವಾಗುತ್ತದೆ. ಬಾಡಿಗೆ ಮನೆಯ 11 ತಿಂಗಳ ಕರಾರು ಹೇಗೆ, ಡಿಪಾಸಿಟ್ ಎಷ್ಟು ಕೊಡಬಹುದು, ಬೊರಿವಲಿಗೆ ಇಳಿಯುವವರು ವಿರಾರ್ ಫಾಸ್ಟ್ ಏಕೆ ಹತ್ತಬಾರದು... ಇವೆಲ್ಲ ತಿಳಿಯುವುದು ಬಿಡುವಿನ ಹರಟೆಯಲ್ಲೇ. ಮುಂದೆ ಜ್ವರ ಬಂದರೆ ಫೋನ್ ಮಾಡಲು ಒಂದು ನಂಬರೂ ಸಿಗುತ್ತದೆ.

ಕಾರ್ಯಕ್ರಮಗಳಿಗೆ ಯುವಜನರು ಬರುವುದಿಲ್ಲ ಎಂದು ಕೊರಗುವ ಸಂಘಗಳು ಇದನ್ನು ಗಮನಿಸಬೇಕು. ಮೊದಲ ಭೇಟಿಯಲ್ಲೇ ರಶೀದಿ ಪುಸ್ತಕ ಮುಂದಿಟ್ಟರೆ ಹೊಸಬರು ಎರಡನೇ ಸಲ ಬರಲಾರರು. ಹಿರಿಯ ಸದಸ್ಯರು ತಿಂಗಳಿಗೊಂದು ರವಿವಾರ ಅವರನ್ನು ಊಟಕ್ಕೆ ಕರೆದೊಯ್ಯಲಿ, ನಗರ ತೋರಿಸಲಿ. ಸದಸ್ಯತ್ವದ ಮಾತು ಆಮೇಲೆ.